ಗ್ರಿಲ್ಲಿಗೆ ಕಟ್ಟಿದ ಸಿಡಿಗಳು

ಬೆಳಗಾವಿಯಲ್ಲಿ ಅಕ್ಕನಿಗೆ ಮೊಣಕಾಲಿನ ಆಪರೇಶನ್ ಆದಾಗ ಅವಳ ಜೊತೆಗಿರಲು ಹೋಗಿದ್ದೆ. ಅವಳು ಕೋಲು ಬಿಟ್ಟು ನಡೆಯುವವರೆಗೂ ಇದ್ದು ಮುಂಬಯಿಗೆ ಮರಳಿದೆ. ದಾದರಿನಲ್ಲಿ ಇಳಿದು, ಲೋಕಲ್ ಹಿಡಿದು ಘಾಟ್ಕೋಪರ್‌ಗೆ ಬಂದು, ನಮ್ಮ ಬಿಲ್ಡಿಂಗಿನ ಗೇಟು ದಾಟಿದಾಗ ಮೇಲೆ ಏನೋ ಫಳಫಳ ಹೊಳೆಯಿತು. ತಲೆ ಎತ್ತಿ ನೋಡಿದೆ. ನಮ್ಮ ಬಾಲ್ಕನಿಯ ಗ್ರಿಲ್ಲಿನ ತುಂಬ ಸಿಡಿಗಳು. ನಡುವಿನ ತೂತಿಗೆ ಸುತಳಿ ಪೋಣಿಸಿ ಮಾಲೆ ಮಾಲೆಯಾಗಿ ಇಳಿಬಿಟ್ಟಿದ್ದರು.

ಪಾರಿವಾಳ ಓಡಿಸಲು ಸಿಡಿ ಕಟ್ಟುವುದು ಈ ಊರಿನಲ್ಲಿ ಹೊಸದೇನಲ್ಲ. ಯಾರದೋ ಆಫೀಸಿನ ಬೇಡವಾದ ಸಿಡಿಗಳಿರಬೇಕು ಎಂದುಕೊಂಡು ಲಿಫ್ಟ್ ಹತ್ತಿದೆ.

ನಾನು ಅಣ್ಣನ ಸಂಸಾರದ ಜೊತೆಗಿರುವವಳು. ಮದುವೆಯಾಗಲಿಲ್ಲ. ಆ ಮನೆಯ ಸೋಫಾ, ಪರದೆ, ಗೋಡೆಯ ಬಣ್ಣ, ಸಂಜೆಯ ಅಡಿಗೆ ಎಲ್ಲವೂ ವೈನಿ, ಅಂದರೆ ಅಣ್ಣನ ಹೆಂಡತಿ, ಹೇಳಿದಂತೆ. ಒಳಕೋಣೆಯನ್ನು ಅಣ್ಣನ ಮಗಳ ಜೊತೆ ಹಂಚಿಕೊಂಡಿದ್ದೆ. ಆ ಕೋಣೆಯ ಗೋಡೆಗಿದ್ದ ಶೆಲ್ಫೊಂದೇ ನನ್ನದು. ಸಯನ್‌ನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಸಂಜೆ ಮಾಟುಂಗಾದವರೆಗೆ ನಡೆದುಹೋಗಿ ಸಿಡಿ ಕೊಳ್ಳುತ್ತಿದ್ದೆ. ಹೆಚ್ಚಿನವು ನಮ್ಮ ಧಾರವಾಡದ ಕಡೆಯ ಹಾಡುಗಾರರವು. ಮೇಲಿನ ಪ್ಲಾಸ್ಟಿಕ್ ಬಿಡಿಸಿ, ಒಳಗಿನ ಪುಟ್ಟ ಪುಸ್ತಕದಲ್ಲಿ ತಬಲಾ ಯಾರದು, ತಂಬೂರಿಗೆ ಕೂತವರು ಯಾರು ಎಂದು ಓದುತ್ತ, ಕೂತಲ್ಲಿಂದ ಏಳದೆ ಕೊನೆಯವರೆಗೂ ಕೇಳುತ್ತಿದ್ದೆ. ಮೊಬೈಲಿನಲ್ಲಿ ಆ ಸುಖ ನನಗೆ ಸಿಗಲಿಲ್ಲ. ಅಲ್ಲಿ ನಿನ್ನೆ ಇದ್ದ ರಾಗ ಇವತ್ತು ಇರುವುದಿಲ್ಲ, ಯಾರೋ ತೆಗೆದುಬಿಟ್ಟಿರುತ್ತಾರೆ. ಸಿಡಿಯನ್ನು ನನ್ನಿಂದ ಯಾರೂ ತೆಗೆಯಲಾರರು ಎಂದು ನಂಬಿದ್ದೆ.

ಕೋಣೆಗೆ ಹೋದಾಗ ಶೆಲ್ಫು ನಾನು ಬಿಟ್ಟುಹೋದ ಹಾಗೆಯೇ ಇತ್ತು. ಧೂಳು ಕೂಡ ಒರೆಸಿದ್ದರು. ಸಮಾಧಾನವಾಯಿತು. ಸ್ನಾನ ಮುಗಿಸಿ, ಏನಾದರೂ ಕೇಳೋಣವೆಂದು ಒಂದು ಡಬ್ಬಿ ಎಳೆದುಕೊಂಡೆ. ಹಗುರವಾಗಿತ್ತು. ತೆರೆದರೆ ಪುಸ್ತಕ ಇತ್ತು, ಸಿಡಿ ಇರಲಿಲ್ಲ. ಇನ್ನೊಂದು ತೆರೆದೆ. ಮತ್ತೊಂದು. ಆಮೇಲೆ ತೆರೆಯುವ ಧೈರ್ಯ ಸಾಲದೆ ಬಾಲ್ಕನಿಗೆ ಹೋಗಿ ನೋಡಿದೆ. ಹಳದಿ ಲೇಬಲ್ಲು, ನೀಲಿ ಲೇಬಲ್ಲು, ಎಲ್ಲವೂ ನನಗೆ ಗುರುತಿದ್ದವು.

ವೈನಿ ಅಡಿಗೆಮನೆಯಿಂದಲೇ ಹೇಳಿದಳು: "ಪಾರಿವಾಳದ ಕಾಟ ಸಾಕಾಗಿ ಹೋಗಿತ್ತು ನೋಡು. ನಿಮ್ಮಣ್ಣಗ ರಾತ್ರಿ ಎಲ್ಲಾ ಕೆಮ್ಮು. ಅದರ ಹಿಕ್ಕಿಯಿಂದನ ಉಬ್ಬಸ ಹೆಚ್ಚಾಗೇದ ಅಂದ್ರು ಡಾಕ್ಟರು."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ವೈನಿ? ಫೋನ್ ಇತ್ತಲ್ಲ."

"ಇದಕ್ಕೇನು ಫೋನ್ ಮಾಡೂದು? ಹಾಡು ಎಲ್ಲಾ ಮೊಬೈಲ್‌ನ್ಯಾಗ ಸಿಗ್ತಾವಲ್ಲ ಈಗ. ಡಬ್ಬಿ ಅಂತೂ ಹಂಗೇ ಇಟ್ಟೀನಿ."

ಅಣ್ಣ ಪೇಪರ್ ಮಡಿಸಿ, "ಹೋಗಲಿ ಬಿಡು, ಮನ್ಯಾಗಿನ ಸಾಮಾನು ಮನಿಗೇ ಉಪಯೋಗ ಆತು" ಎಂದ. ಎನ್ನುತ್ತಲೇ ಕೆಮ್ಮಿದ. ಆ ಕೆಮ್ಮಿನ ಮುಂದೆ ನಾನು ಯಾವ ಬಾಯಿಂದ ಜಗಳವಾಡಲಿ? ಅವನ ಉಸಿರು ದೊಡ್ಡದೋ ನಿನ್ನ ಸಿಡಿ ದೊಡ್ಡದೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅವರ ಪಾಲಿಗೆ ಅಲ್ಲಿ ಕೇಳುವಂಥದ್ದೇನೂ ಇರಲಿಲ್ಲ.

ಕಟ್ಟಿ ಉಳಿದ ಸಿಡಿಗಳನ್ನು ವೈನಿ ಬಿಲ್ಡಿಂಗಿನವರಿಗೆ ಹಂಚಿದ್ದಳು. ಅದು ಗೊತ್ತಾದದ್ದು ಲಿಫ್ಟಿನಲ್ಲಿ. ಮೇಲಿನ ಮಹಡಿಯ ಗುಜರಾತಿ ಹೆಂಗಸು ನಗುತ್ತ, "ಆಂಟೀ, ಆಪ್‌ಕಾ ಸಿಡಿ ಬಹುತ್ ಕಾಮ್ ಆಯಾ, ಥ್ಯಾಂಕ್ಯೂ" ಎಂದಳು. ನನ್ನ ಸಿಡಿ ತುಂಬ ಉಪಯೋಗಕ್ಕೆ ಬಂತಂತೆ. ನಾನೂ ನಕ್ಕೆ. ಆಮೇಲೆ ಅಂಗಳಕ್ಕಿಳಿದು ಒಂದೊಂದೇ ಕಿಟಕಿ ನೋಡುತ್ತ ನಿಂತೆ.

ನನ್ನ ಸಿಡಿಗಳಲ್ಲಿ ಒಂದು ಬೇರೆಲ್ಲೂ ಸಿಗದ ಸಿಡಿ. ಹಿಂದೆ ಸಯನ್‌ನ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಕಡೆಯ ಮುದುಕರೊಬ್ಬರು ಹಾಡಿದ್ದರು. ಅದನ್ನು ಧ್ವನಿಮುದ್ರಿಸಿ ಬಂದವರಿಗಷ್ಟೇ ಕೆಲವು ಪ್ರತಿ ಕೊಟ್ಟಿದ್ದರು. ಆ ದಿನ ನಾನೂ ಅಪ್ಪನ ಪಕ್ಕದಲ್ಲಿ ಕೂತಿದ್ದೆ. ಹಾಡಿನ ನಡುವೆ ಅಪ್ಪ "ಆಹಾ" ಅಂದದ್ದು ಅದರಲ್ಲಿ ಕೇಳಿಸುತ್ತದೆ. ಅಪ್ಪ ಈಗಿಲ್ಲ.

ಆ ಸಿಡಿ ಗುಜರಾತಿ ಹೆಂಗಸಿನ ಕಿಟಕಿಯಲ್ಲಿತ್ತು. ಹೋಗಿ ಕೇಳಿದೆ. ಪಾಪ, ಅವಳು ತಕ್ಷಣ ಸುತಳಿ ಕತ್ತರಿಸಿ, ಹಿಕ್ಕೆಯನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಒರೆಸಿ ಕೊಟ್ಟಳು. ಮನೆಗೆ ತಂದು ಪ್ಲೇಯರಿಗೆ ಹಾಕಿದೆ. ಸ್ವಲ್ಪ ಹೊತ್ತು ತಿರುಗಿತು, ನಿಂತಿತು. ಒಳಗೆ ಡಿಸ್ಕ್ ಇಲ್ಲ ಎಂದು ತೋರಿಸಿತು. ಹಲವು ಸಲ ತೆಗೆದು ಹಾಕಿದೆ. ಅಣ್ಣನ ಮಗಳು ಹಾಸಿಗೆಯ ಮೇಲಿಂದ ನೋಡುತ್ತಿದ್ದಳು. ಅದರಲ್ಲಿ ಏನಿತ್ತೆಂದು ಅವಳಿಗೆ ಹೇಳಿದೆ.

"ಆತ್ಯಾ, ಸಾರಿ. ನಾನೂ ಸುತಳಿ ಕಟ್ಟಿದೆ... ಮಮ್ಮಿ ಬೋಲೀ ಇಸ್ಲಿಯೆ. ನನಗೆ ಮಾಲೂಮ್ ಇರಲಿಲ್ಲ, ದಾದಾಜಿಯ ಆವಾಜ್ ಇದೆ ಅಂತ."

"ಅಜ್ಜ ಅನ್ನಬೇಕು" ಎಂದೆ. ಅಷ್ಟೇ ನನ್ನಿಂದಾದದ್ದು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಪಾರಿವಾಳಗಳಿಗೆ ಸಿಡಿಯ ಹೊಳಪು ಬೇಗ ರೂಢಿಯಾಯಿತು. ಸುತಳಿಯ ಪಕ್ಕದಲ್ಲೇ ಕೂತು ಗೂಡು ಕಟ್ಟಿದವು. ಕೊನೆಗೆ ಅಣ್ಣ ಬಾಲ್ಕನಿಗೆ ಬಲೆ ಹಾಕಿಸಿದ. ಮೊದಲೇ ಹಾಕಿಸಬಹುದಾಗಿತ್ತು. ಬಲೆಯವರು ಬಿಸಿಲಿಗೆ ಕೆಟ್ಟುಹೋಗಿದ್ದ ಸಿಡಿಗಳನ್ನೆಲ್ಲ ಕಿತ್ತು ಒಣ ಕಸದ ಚೀಲಕ್ಕೆ ತುಂಬಿಕೊಂಡು ಹೋದರು. ಅಣ್ಣನ ಕೆಮ್ಮು ಕಡಿಮೆಯಾಯಿತು. ನನಗೆ ಖುಷಿಯಾಗಬೇಕಿತ್ತು. ಆಯಿತು ಎಂದು ಬರೆದರೆ ಸುಳ್ಳಾದೀತು.

ಈಗ ಭಾನುವಾರ ಮಲಾಡ್‌ಗೆ ಹೋಗುತ್ತೇನೆ. ಅಲ್ಲಿ ನಿವೃತ್ತ ಮರಾಠಿಗರೊಬ್ಬರು ತಮ್ಮ ಸಿಡಿ ಸಂಗ್ರಹವನ್ನು ಮನೆಯಿಂದಲೇ ಮಾರುತ್ತಿದ್ದಾರೆ. ನನ್ನ ಖಾಲಿ ಡಬ್ಬಿಗಳಿಗೆ ಹೊಂದುವ ಕೆಲವು ಸಿಕ್ಕಿವೆ. ಅವರ ಹೆಂಡತಿ ಪ್ರತಿ ಸಲ ಸಿಡಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಡುತ್ತಾರೆ. ಆ ಮನೆಯಲ್ಲಿ ಕೂತು ನಾವು ಮೂವರೂ ಹೆಚ್ಚು ಮಾತಾಡದೆ ಒಂದೊಂದು ರಾಗ ಕೇಳುತ್ತೇವೆ. ನಮ್ಮ ಮನೆಗೆ ಹೋಲಿಸಿದರೆ ಅಲ್ಲೇ ನನಗೆ ಹಗುರ.

ಹೋದ ತಿಂಗಳು ಕೀಲಿ ಇರುವ ಕಪಾಟು ತರಿಸಿದೆ. ಬಾಗಿಲಲ್ಲಿ ನಿಂತು ವೈನಿ ಕೇಳಿದಳು: "ಮನ್ಯಾಗ ಕೀಲಿ ಯಾಕ? ನಾವೇನು ಕಳ್ಳರೇನು?"

"ಅಲ್ಲ ವೈನಿ" ಎಂದೆ. ಕೀಲಿ ತಿರುಗಿಸಿದೆ. ಅವತ್ತಿನಿಂದ ಅವಳು ನನ್ನ ಚಹಾವನ್ನು ಮೇಜಿನ ಮೇಲಿಟ್ಟು ಹೋಗುತ್ತಾಳೆ, ಮೊದಲಿನಂತೆ ಕೂಗಿ ಕರೆಯುವುದಿಲ್ಲ. ನಾನು ಬರುವಷ್ಟರಲ್ಲಿ ಅದು ಆರಿರುತ್ತದೆ. ಹಾಗೇ ಕುಡಿಯುತ್ತೇನೆ.