ಬಡಿದು ನೋಡದ ಕಮಾನು

...ಕಾವಲುಗಾರನ ಜೊತೆ ನಾನು ಜಗಳವಾಡಿದೆ ಎಂದೇ ಬರೆಯಲು ಕೂತಿದ್ದೆ. ಆಡಿದೆನೇ? ನೆನಪಿನಲ್ಲಿ ನನ್ನ ದನಿ ಜೋರಾಗಿದೆ, ಮಾತು ಖಡಕ್ಕಾಗಿದೆ. ಅದಕ್ಕೇ ಅನುಮಾನ. (ನಾನು ಅಂಥ ಮನುಷ್ಯನಲ್ಲ, ನಿಮಗೇ ಗೊತ್ತು.)

ಖಾತ್ರಿ ಇರುವುದಿಷ್ಟು. ಹೋದ ಭಾನುವಾರ ವಿಠ್ಠಲ ಕಾಕಾ ಔರಾದದಿಂದ ಬಸ್ ಹತ್ತಿ ಬೀದರಿಗೆ ಬಂದರು. ಭಾಲ್ಕಿಯ ನಮ್ಮ ಮನೆಗೆ ಗಾರೆ ಹಾಕಿದ ಮಿಸ್ತ್ರಿ. ಬಹಳ ಹಿಂದೆ ಬೀದರ ಕೋಟೆಯೊಳಗಿನ ಒಂದು ಮಹಲಿನ ದುರಸ್ತಿಗೂ ಹೋಗಿದ್ದರು. ಅಲ್ಲಿನ ಒಂದು ಕಮಾನಿನ ಸುಣ್ಣದ ಗಚ್ಚು ಇವರ ಕೈಯದು.

"ಅವತ್ತ ಜ್ವರಾ ಬಂದಿತ್ರಿ ಸರ್. ಮೊದಲನೇ ಕೋಟ್ ಹಸಿ ಇದ್ದಾಗೇ ಎರಡನೇದು ಎಳದೀನಿ. ಮಂದಿಗಿ ಹೇಳಿಲ್ಲ, ನಿಮಗ ಹೇಳ್ಲಕತ್ತೀನಿ. ಒಮ್ಮಿ ಬಡದು ನೋಡಬೇಕ್ರಿ."

ಬಡಿಯುವುದು ಬೆರಳಿನ ಗೆಣ್ಣಿನಿಂದ. ಪೊಳ್ಳು ಸಪ್ಪಳ ಬಂದರೆ ಗಚ್ಚು ಕಲ್ಲನ್ನು ಬಿಟ್ಟಿದೆ ಎಂದರ್ಥ. ಇವತ್ತಲ್ಲ ನಾಳೆ ಉದುರುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣದು.

ಮಹಲಿಗೆ ಬೀಗ. ಪರಿಚಯದ ಅಧಿಕಾರಿಗೆ ಫೋನ್ ಮಾಡಿದೆ. (ನಮ್ಮಲ್ಲಿ ಬೀಗಗಳು ತೆರೆಯುವುದೇ ಹೀಗೆ.) ಕಾವಲುಗಾರ ಕೀಲಿ ತಂದ.

"ಪೇಪರ್‌ನಾಗ ಬರಿಯವರು ನೀವೇ ಏನ್ರಿ? ಬರ್ರಿ. ಒಬ್ಬರಿಗೇ ಬಿಡು ಅಂದಾರ ಸಾಹೇಬ್ರು."

"ಒಳಗ ಕಮಾನಿಗಿ ಗಚ್ಚ ಹಚ್ಚಿದಾಂವ ನಾ ಇದ್ದೀನೋ ತಮ್ಮಾ," ಅಂದರು ಕಾಕಾ.

"ಹಂಗಾರ ನೀವೇ ಬಾದಶಹಾ ಅನ್ರಿ! ಮತ್ತ ಹೊರಗ ಯಾಕ ನಿಂತೀರಿ?"

ಕಾಕಾ ನಕ್ಕರು. ನಾನೂ ನಕ್ಕೆ. (ಇದೊಂದು ಸ್ಪಷ್ಟವಾಗಿ ನೆನಪಿದೆ.) ಆಮೇಲೆ ಒಳಗೆ ಹೋದವನು ನಾನು. ನನ್ನ ಬದಲು ಅವರನ್ನು ಕಳಿಸಬಹುದಿತ್ತಲ್ಲವೇ? ಆ ಬುದ್ಧಿ ಬಂದದ್ದು ಮನೆ ಮುಟ್ಟಿದ ಮೇಲೆ.

"ಎಡಗಡಿ ಎರಡನೇ ಕಮಾನ್ರಿ!" ಬಾಗಿಲಾಚೆಯಿಂದ ಕಾಕಾ ಕೂಗಿದರು.

ಒಳಗೆ ಎಲ್ಲವೂ ಅದ್ಭುತ. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮಿನುಗುವ ಚಿಪ್ಪು, ಗೋಡೆಗೆ ಬಣ್ಣ ಮಾಸದ ಹೆಂಚು. ಇದನ್ನು ಕಟ್ಟಿಸಿದವರ ಹೆಸರು ಗೈಡುಗಳ ಬಾಯಲ್ಲಿದೆ. ಉಳಿಸಿದವರದು? ಎಡಗಡೆಯ ಎರಡನೇ ಕಮಾನಿಗೆ ಕೈ ಎತ್ತಿದೆ.

"ಮುಟ್ಟಬ್ಯಾಡ್ರಿ," ಹಿಂದೆಯೇ ಬಂದಿದ್ದ ಕಾವಲುಗಾರ ಅಂದ.

ಎತ್ತಿದ ಕೈಯಲ್ಲೇ ಮೊಬೈಲ್ ತೆಗೆದು ಸೆಲ್ಫಿ ಹೊಡೆದೆ.

ಹೊರಗೆ ಕಾಕಾ ಬಿಸಿಲಲ್ಲೇ ನಿಂತಿದ್ದರು. "ಸಪ್ಪಳ ಹ್ಯಾಂಗ ಬಂತ್ರಿ?"

"ಕಲ್ಲಿನಂಗ ಅದ ಕಾಕಾ."

ಬಸ್‌ಸ್ಟ್ಯಾಂಡಿನಲ್ಲಿ ನಾನು ಬೇಡವೆಂದರೂ ಕಾಕಾ ಚಹಾ ಕುಡಿಸಿದರು. ಇಷ್ಟು ವರ್ಷ ಬಾಯಿಬಿಡದವರು ಚಹಾದವನ ಮುಂದೆ ಜ್ವರದ ಕಥೆಯನ್ನೆಲ್ಲ ಹೇಳಿದರು. "ಹಸಿ ಮ್ಯಾಲ ಎಳದೀನಿ, ಆದ್ರೂ ಹಿಡದದ ನೋಡು! ಸರ್ ಖುದ್ದ ಬಡದು ನೋಡ್ಯಾರ."

ಚಹಾದವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.

ಆ ಗಚ್ಚು ಕಲ್ಲನ್ನು ಹಿಡಿದಿದೆಯೋ, ಬಿಟ್ಟಿದೆಯೋ, ನನಗೆ ಗೊತ್ತಿಲ್ಲ.