ಓರಗಿತ್ತಿ ನೆನೆಸಿಟ್ಟ ಸುಗಂಧರಾಜದ ಗೆಡ್ಡೆ

ನನ್ನ ಓರಗಿತ್ತಿ ಕೈಯಿಟ್ಟದ್ದೆಲ್ಲ ಚಿಗುರುತ್ತಿತ್ತು. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ನಮ್ಮ ಲೈನ್ ಮನೆ ಮುಂದೆ ಸೀಮೆಎಣ್ಣೆ ಡಬ್ಬಗಳಲ್ಲಿ ನಾನೂ ಸುಗಂಧರಾಜ ಹಾಕಿದ್ದೆ. ನನ್ನವು ಎಲೆ ಬಿಟ್ಟು ಸುಮ್ಮನಾಗುತ್ತಿದ್ದವು. ಆಂಡರ್ಸನ್‌ಪೇಟೆಯ ಅವಳ ಹಿತ್ತಲಲ್ಲಿ ಮಾತ್ರ ಕಡ್ಡಿ ತುಂಬ ಹೂವು.

ಅರವತ್ತರ ದಶಕದ ಮಾತು. ನಾದಿನಿಯ ಮದುವೆ ಗೊತ್ತಾಯಿತು. ಬಂಗಾರಪೇಟೆಯಲ್ಲಿದ್ದ ಅತ್ತೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಇನ್ನೂ ನಾಕು ತಿಂಗ್ಳೈತೆ. ನಿಮ್ಮಿಬ್ರಲ್ಲಿ ಯಾರ ಊವು ಚೆನ್ನಾಗ್ ಬತ್ತದೋ, ಮದುಮಗಳ ಕೊರಳಿಗೆ ಅದೇ," ಅಂದುಬಿಟ್ಟರು. ಹಿರಿಸೊಸೆ ನಾನಿರುವಾಗ ಆಡುವ ಮಾತೇ ಅದು?

ಓರಗಿತ್ತಿಯ ಗಂಡ, ನನ್ನ ಮೈದುನ, ಗಣಿಯ ಸಾಹೇಬರೊಬ್ಬರ ಬಂಗಲೆಯಲ್ಲಿ ಮಾಲಿ. ಸಾಹೇಬರು ಬೆಂಗಳೂರಿಂದ ತರಿಸಿದ್ದ ಜಿಬ್ಬರೆಲಿಕ್ ಆಮ್ಲ ಅನ್ನೋ ಮದ್ದನ್ನು ಒಂದು ಸೀಸೆಯಲ್ಲಿ ಇವನಿಗೂ ಕೊಟ್ಟಿದ್ದರು. ನೀರಿಗೆ ಕೆಲವೇ ಹನಿ ಬಿಟ್ಟು, ಗೆಡ್ಡೆ ಒಂದು ದಿನ ನೆನೆಸಿ ನೆಟ್ಟರೆ ಬೇಗ ಮೊಳೆತು ಕಡ್ಡಿ ಉದ್ದ ಬರುತ್ತದಂತೆ. ಹೇಳಿದವಳು ಓರಗಿತ್ತಿಯೇ. ಹೇಳುವಾಗ ಅವಳ ಮುಖ ಏನು ಅರಳಿತ್ತು ಅಂತೀರಿ! ನನ್ನ ಹೊಟ್ಟೆಗೆ ಕೆಂಡ ಬಿದ್ದಂತಾಯಿತು.

ಒಂದು ದಿನ ಅವಳ ಮನೆಗೆ ಹೋದಾಗ ಎರಡು ಬೋಸಿಗಳಲ್ಲಿ ಗೆಡ್ಡೆ ನೆನೆಯುತ್ತಿದ್ದವು. ಒಂದರಲ್ಲಿ ದಪ್ಪನೆಯವು, ಇನ್ನೊಂದರಲ್ಲಿ ಸಣ್ಣವು. ಪಕ್ಕದಲ್ಲೇ ಮದ್ದಿನ ಸೀಸೆ. ಅವಳು ಕಾಫಿ ಕಾಯಿಸಲು ಒಳಗೆ ಹೋದದ್ದೇ ತಡ, ದಪ್ಪ ಗೆಡ್ಡೆಗಳ ಬೋಸಿಗೆ ಸೀಸೆಯಲ್ಲಿದ್ದದ್ದನ್ನೆಲ್ಲ ಸುರಿದೆ. ಖಾಲಿ ಸೀಸೆಗೆ ನೀರು ತುಂಬಿ ಇದ್ದಲ್ಲೇ ಇಟ್ಟೆ. ಹಾಳಾಗಿ ಹೋಗಲಿ ಅಂತಲೇ ಸುರಿದದ್ದು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ದಪ್ಪವೆಲ್ಲಾ ನಿಮ್ಗೇ ಅಂತ ನೆನೆಸಿದ್ದೆ. ಓದ್ಸಲ ನಿಮ್ ಡಬ್ಬದಾಗೆ ಊವೇ ಬರ್ಲಿಲ್ವಲ್ಲಾ. ದೊಡ್ಡ ಸೊಸೆ ನೀವು, ನಿಮ್ದೇ ಬರ್ಲಿ ಬಿಡಿ."

ಅಯ್ಯೋ ನನ್ನ ಕರ್ಮವೇ! ಬಾಯಿ ಬಿಡುವಂತಿಲ್ಲ. ಅವಳ ಕಣ್ಣೆದುರೇ ನೆಟ್ಟೆ. ಕಡ್ಡಿಗಳು ಬಿಳಿಚಿಕೊಂಡು, ಸಣಕಲಾಗಿ, ಎದೆಮಟ್ಟ ಎದ್ದು, ಮೊಗ್ಗು ಬಲಿಯುವ ಮೊದಲೇ ಒಂದೇ ಗಾಳಿಗೆ ಮಗುಚಿಕೊಂಡವು. ಅವಳ ಸಣ್ಣ ಗೆಡ್ಡೆಗಳು ಮದುವೆಗೆ ಸರಿಯಾಗಿ ಬಿರಿದವು.

ಮದುವೆಯ ಹಿಂದಿನ ದಿನ ಅವಳು ಹೂವಿನ ಬುಟ್ಟಿಯನ್ನು ನನ್ನ ಮುಂದೆ ತಂದಿಟ್ಟು, ನೆಂಟರೆದುರು, "ಅಕ್ಕ ಕಟ್ಟಿದ್ರೇನೇ ಚಂದ," ಅಂದಳು.

"ಗುಣ ಅಂದ್ರೆ ಇದು ಕಣಮ್ಮಾ," ಅಂತ ಅತ್ತೆ ಅವಳ ತಲೆ ಸವರಿದರು.

ತಲೆ ತಗ್ಗಿಸಿ ಹೂವು ಕಟ್ಟುತ್ತ ಕೂತೆ. ನಾಚಿಕೆಯಾಗಬೇಕಿತ್ತು. ಆದದ್ದು ಮತ್ತೆ ಹೊಟ್ಟೆಯುರಿಯೇ. ಒಳ್ಳೆಯವಳು ಅನ್ನಿಸಿಕೊಳ್ಳುವುದರಲ್ಲೂ ಅವಳೇ ಗೆದ್ದಳಲ್ಲ!