ಮೂರು ಗಡಿಯಾರಗಳ ಸಾಕ್ಷಿ

ಕಳೆದ ವಾರ ನಮ್ಮ ಹಿರೇಕೆರೂರಿನ ಬ್ಯಾಂಕ್ ಶಾಖೆಗೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಸವಣೂರಿನಿಂದ ಕುರುಕಲು ಖಾರದ ಪೊಟ್ಟಣ ತಂದಿದ್ದರು. ಹಳೆಯ ಪೇಪರಿನಲ್ಲಿ ಕಟ್ಟಿ ದಾರ ಸುತ್ತಿದ ಪೊಟ್ಟಣ. ಬಿಚ್ಚಿದ ಕೂಡಲೇ ಕರಿದ ಬೆಳ್ಳುಳ್ಳಿ ಮತ್ತು ಮೆಣಸಿನಪುಡಿಯ ಘಾಟು ಕೋಣೆಯೆಲ್ಲ ಹರಡಿತು. ಉಳಿದವರೆಲ್ಲ ಕೈ ಚಾಚಿದರು. ನನಗೆ ಮಾತ್ರ ಯಾರೋ ಬೆನ್ನ ಹಿಂದಿನಿಂದ "ಗಟ್ಟಿನೋ, ಸಡ್ಲೋ, ಹೊರಗೋ? ಲಗೂನ ಹೇಳ್ರಿ ಅಕ್ಕೋರ" ಎಂದು ಕೇಳಿದಂತಾಯಿತು...

ಹಾಗೆ ಕೇಳುತ್ತಿದ್ದವರು ಒಬ್ಬ ಬಸ್ ನಿಲ್ದಾಣದ ಕಂಟ್ರೋಲರ್ ಸಾಹೇಬರು. ಯಾವ ಊರಿನ ನಿಲ್ದಾಣ ಎಂದು ಬರೆಯುವುದಿಲ್ಲ. ಮುಂದೆ ಒಂದು ತಪ್ಪಿನ ವಿಷಯ ಬರುತ್ತದೆ, ಆ ತಪ್ಪನ್ನು ಅವರು ಆವತ್ತೇ ಒಪ್ಪಿಕೊಂಡು ಮುಗಿಸಿದ್ದಾರೆ, ಈಗ ಊರ ಹೆಸರು ಹಿಡಿದು ಎಳೆಯುವುದು ಬೇಡ. ಹಾನಗಲ್ಲಿಗೆ, ಸವಣೂರಿಗೆ, ಶಿಗ್ಗಾಂವಿಗೆ ಬಸ್ಸು ಹೊರಡುವ ಸಣ್ಣ ನಿಲ್ದಾಣ ಎಂದರೆ ಸಾಕು. ಅಲ್ಲೊಂದು ಕಿರುಕೋಣೆ, ಮೇಜಿನ ಮೇಲೆ ಮೈಕು ಮತ್ತು ಬಸ್ಸುಗಳ ರಿಜಿಸ್ಟರು, ಗೋಡೆಗೆ ಗಡಿಯಾರ. ಡ್ರಾವರಿನಲ್ಲಿ ಸ್ಟೀಲಿನ ಡಬ್ಬಿಯ ತುಂಬ ಸವಣೂರು ಖಾರ. ಸವಣೂರಿನ ಯಾವುದಾದರೊಬ್ಬ ಕಂಡಕ್ಟರು ಅದನ್ನು ಖಾಲಿಯಾಗಲು ಬಿಡುತ್ತಿರಲಿಲ್ಲ.

ನಾನು ಆಗ ಆ ಊರಿನ ಖಾಸಗಿ ಶಾಲೆಯೊಂದರಲ್ಲಿ ಹಂಗಾಮಿ ಶಿಕ್ಷಕಿ. ನಮ್ಮೂರು ದುಂಡಸಿ. ಅಲ್ಲಿಂದ ಶಿಗ್ಗಾಂವಿಗೆ ಒಂದು ಬಸ್ಸು, ಶಿಗ್ಗಾಂವಿಯಿಂದ ಇನ್ನೊಂದು, ಸಂಜೆ ಮತ್ತೆ ಅದೇ ದಾರಿ. ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಶಾಲೆಯವರು "ಈ ಸಲ ನೀವು ಬೇಕೋ ಬೇಡವೋ ತಿಳಿಸುತ್ತೇವೆ" ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ರೋಸಿ ಹೋಗಿದ್ದೆ. ಬ್ಯಾಂಕಿನ ಅಧಿಕಾರಿ ಹುದ್ದೆಯ ಪರೀಕ್ಷೆಯನ್ನು ಎರಡು ಸಲ ಬರೆದಿದ್ದೆ. ಎರಡೂ ಸಲ ಉಳಿದೆಲ್ಲ ದಾಟಿ ತರ್ಕದ ಭಾಗದಲ್ಲಿ ಎಡವಿದೆ. ವಯಸ್ಸಿನ ಮಿತಿ ಲೆಕ್ಕ ಹಾಕಿದರೆ ಉಳಿದದ್ದು ಒಂದೇ ಅವಕಾಶ. "ಇದೊಂದು ಬರದು ಬಿಡು. ಆಮ್ಯಾಲ ಯಾರಿಗೂ ನೀ ಉತ್ತರ ಕೊಡೂದು ಬ್ಯಾಡ" ಎಂದಿದ್ದಳು ಅವ್ವ. ಆ ಮಾತಿನಲ್ಲಿ ಧೈರ್ಯವೂ ಇತ್ತು, ಆಸೆ ಬಿಟ್ಟ ಧ್ವನಿಯೂ ಇತ್ತು.

ನನ್ನನ್ನು ಎರಡು ಸಲ ಕೆಡವಿದ ಪ್ರಶ್ನೆಗಳು ಒಂದೇ ಜಾತಿಯವು. ಒಂದು ವಾದ ಕೊಡುತ್ತಾರೆ. ಕೆಳಗೆ ಐದು ಹೇಳಿಕೆ. ಯಾವುದು ವಾದವನ್ನು ಬಲಪಡಿಸುತ್ತದೆ, ಯಾವುದು ದುರ್ಬಲಗೊಳಿಸುತ್ತದೆ, ಆರಿಸಿ ಎನ್ನುತ್ತಾರೆ. ಓದುವಾಗ ಐದೂ ಸರಿ ಅನ್ನಿಸುತ್ತಿದ್ದವು. ಹುಬ್ಬಳ್ಳಿಯಲ್ಲಿ ಸ್ವಲ್ಪ ದಿನ ಕೋಚಿಂಗಿಗೆ ಹೋಗಿದ್ದಾಗ ಅಲ್ಲಿನ ಮೇಷ್ಟ್ರು, ಕನ್ನಡ ಮಾಧ್ಯಮದವರು ಆ ಭಾಗವನ್ನು ಬಿಟ್ಟು ಮುಂದೆ ಹೋಗುವುದೇ ಲೇಸು ಎಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವತ್ತಿನಿಂದ ಕೋಚಿಂಗನ್ನೇ ಬಿಟ್ಟೆ.

ಸಂಜೆ ಶಿಗ್ಗಾಂವಿ ಬಸ್ಸಿಗಾಗಿ ಕಾಯುತ್ತ ಕಂಟ್ರೋಲರ್ ಕೋಣೆಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು ಓದುತ್ತಿದ್ದೆ. ಒಂದು ದಿನ ಕಿಟಕಿಯಿಂದ ಮಾತು ಬಂತು.

"ಏನ್ರಿ ಅಕ್ಕೋರ, ಪುಸ್ತಕದ ಜೋಡಿ ಜಗಳಾ ಮಾಡಾಕತ್ತೀರಿ?"

ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ಮಾಡಿ ಹೇಳಿದೆ. ಒಂದು ಊರಿನಲ್ಲಿ ಹೊಸ ಬೀಜ ಬಿತ್ತಿದ ವರ್ಷ ಗೋವಿನಜೋಳದ ಇಳುವರಿ ಹೆಚ್ಚಾಯಿತು, ಆದ್ದರಿಂದ ಹೊಸ ಬೀಜವೇ ಅದಕ್ಕೆ ಕಾರಣ. ಇದನ್ನು ದುರ್ಬಲಗೊಳಿಸುವ ಹೇಳಿಕೆ ಯಾವುದು? ನಾನು ಆರಿಸಿದ್ದು "ಹೊಸ ಬೀಜಕ್ಕೆ ಗೊಬ್ಬರ ಹೆಚ್ಚು ಬೇಕು" ಎಂಬುದನ್ನು. ಪುಸ್ತಕದ ಉತ್ತರ ಬೇರೆಯೇ ಇತ್ತು: "ಪಕ್ಕದ ಊರಿನಲ್ಲಿ ಹಳೆಯ ಬೀಜ ಬಿತ್ತಿದವರಿಗೂ ಅಷ್ಟೇ ಹೆಚ್ಚು ಬೆಳೆ ಬಂತು." ಪುಸ್ತಕವೇ ತಪ್ಪು ಎಂದು ನಾನು ಹಟ ಹಿಡಿದೆ. ನಮ್ಮ ಹೊಲದಲ್ಲಿ ಹೊಸ ಬೀಜಕ್ಕೆ ಗೊಬ್ಬರ ಸುರಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೆನಲ್ಲ.

"ನೀವು ಹೇಳೂದು ಖರೇ ಐತಿ" ಎಂದರು ಅವರು. "ಆದ್ರ ಖರೇ ಯಾವುದು ಅಂತ ಅವರು ಕೇಳಿಲ್ಲಲ್ರಿ. ಬೀಜದಿಂದನ ಬೆಳಿ ಹೆಚ್ಚಾತು ಅಂದಾರ. ಗೊಬ್ಬರ ಹೆಚ್ಚು ಬೇಕು ಅಂದ್ರ ಆ ಮಾತಿಗೆ ಏನಾತು?"

ಯೋಚಿಸಿದೆ. ಏನೂ ಆಗಿರಲಿಲ್ಲ.

"ಹಂಗಾರ ಅದು ಬಸ್ ಹತ್ತಿಲ್ಲ. ಹೊರಗ ಪ್ಲಾಟ್‌ಫಾರ್ಮ್ ಮ್ಯಾಲ ನಿಂತೈತಿ. ಪುಸ್ತಕದಾಗಿನ ಊರು ಬ್ಯಾರೆ, ನಿಮ್ಮ ದುಂಡಸಿ ಬ್ಯಾರೆ."

ಎರಡು ವರ್ಷ ನಾನು ಮಾಡಿದ ತಪ್ಪು ಆ ಒಂದು ಮಾತಿನಲ್ಲಿ ಬಯಲಾಯಿತು. ನಿಜವಾದದ್ದನ್ನೆಲ್ಲ ನಾನು ಸರಿ ಉತ್ತರ ಎಂದುಕೊಳ್ಳುತ್ತಿದ್ದೆ. ಹೊಲ, ಮಳೆ, ದನ, ಸಂತೆ ಬಂದರಂತೂ ಮುಗಿಯಿತು, ನನಗೆ ಗೊತ್ತಿದ್ದದ್ದನ್ನೆಲ್ಲ ಪ್ರಶ್ನೆಯೊಳಗೆ ತುರುಕಿ ಬರುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಿತ್ತು ನನ್ನ ಬಾಳು.

ಅವತ್ತಿನಿಂದ ದಿನಾ ಪಾಠ. ಅವರು ಹತ್ತನೆಯ ತರಗತಿಯಾಚೆ ಓದಿದವರಲ್ಲ. ಮೊದಲು ಕಂಡಕ್ಟರ್ ಆಗಿದ್ದವರು, ಮೊಣಕಾಲು ನೋವು ಬಂದ ಮೇಲೆ ಈ ಕುರ್ಚಿಗೆ ಬಂದಿದ್ದರು. ಆ ಕುರ್ಚಿಯಲ್ಲಿ ಕೂತು ಕೇಳಿದ್ದೆಲ್ಲ ಬರೀ ನೆಪ ಮತ್ತು ದೂರು. ಬಸ್ಸು ಯಾಕೆ ತಡವಾಯಿತು ಎಂದು ಡ್ರೈವರುಗಳು ಹೇಳುವುದು, ಡ್ರೈವರು ಸುಳ್ಳು ಹೇಳುತ್ತಾನೆ ಎಂದು ಪ್ರಯಾಣಿಕರು ಹೇಳುವುದು. ಯಾರು ಏನೇ ಹೇಳಿದರೂ ಅವರು ಮೂರೇ ಮಾತಿನಲ್ಲಿ ವಿಂಗಡಿಸುತ್ತಿದ್ದರು. ಹೇಳಿದ್ದಕ್ಕೆ ಬಲ ಕೊಟ್ಟರೆ ಗಟ್ಟಿ. ಬಲ ತೆಗೆದರೆ ಸಡ್ಲ. ಎರಡೂ ಅಲ್ಲದಿದ್ದರೆ ಹೊರಗ. ನನ್ನ ಪುಸ್ತಕದ ಐದೈದು ಹೇಳಿಕೆಗಳನ್ನೂ ಹಾಗೇ ವಿಂಗಡಿಸಬೇಕಿತ್ತು. ಐದೂ ಸರಿಯಾದರೆ ಡಬ್ಬಿಯಿಂದ ಒಂದು ಹಿಡಿ ಖಾರ, ಒಂದು ತಪ್ಪಿದರೂ ಡಬ್ಬಿ ಮುಚ್ಚುತ್ತಿತ್ತು. ಮೊದಲ ತಿಂಗಳು ನನಗೆ ಬರೀ ಘಾಟು.

ಎದುರು ವಾದಿಸುವುದನ್ನು ನಾನೇನು ಬಿಟ್ಟಿರಲಿಲ್ಲ. ಅವರೂ ಸೋಲುವವರಲ್ಲ. ನಡುನಡುವೆ ಮೈಕಿನಲ್ಲಿ "ಹಾನಗಲ್ಲಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಅಚ್ಚುಕಟ್ಟಾಗಿ ಹೇಳಿ, ಮೈಕು ಆರಿಸಿ, ಬಿಟ್ಟ ಜಾಗದಿಂದಲೇ ಜಗಳ ಮುಂದುವರಿಸುತ್ತಿದ್ದರು. ನಾನು ಒಂದು ಸಲವೂ ಗೆದ್ದದ್ದು ನೆನಪಿಲ್ಲ...

ಪರೀಕ್ಷೆಗೆ ಒಂದು ತಿಂಗಳು ಇದ್ದಾಗ ಆ ಸಂಜೆ ಬಂತು. ಹಾನಗಲ್ಲಿನಿಂದ ಬಂದ ಬಸ್ಸಿನಿಂದ ಹಿರೇಬೆಂಡಿಗೇರಿಯ ಹಿರಿಯರೊಬ್ಬರು ಇಳಿದು, ಡ್ರೈವರು ಮತ್ತು ಕಂಡಕ್ಟರನ್ನು ಕರೆದುಕೊಂಡೇ ಕೋಣೆಗೆ ಬಂದರು. ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ ಹಾನಗಲ್ಲಿಗೆ ಹೊರಟಿದ್ದರಂತೆ. ಬೆಳಿಗ್ಗೆ ಇದೇ ಬಸ್ಸು ಇಲ್ಲಿಂದ ನಾಲ್ಕು ನಿಮಿಷ ಮೊದಲೇ ಹೊರಟಿತು, ಕಣ್ಣೆದುರಿಗೇ ಹೋಯಿತು, ಮುಂದಿನ ಬಸ್ಸಿಗೆ ಹೋಗಿ ಮುಟ್ಟುವಷ್ಟರಲ್ಲಿ ಕಾರ್ಯ ಮುಗಿದಿತ್ತು. ರೇಡಿಯೋ ವಾರ್ತೆಯ ಹೊತ್ತಿಗೆ ಸರಿ ಮಾಡಿಕೊಂಡಿದ್ದ ತಮ್ಮ ಹಳೆಯ ಕೈಗಡಿಯಾರವನ್ನು ತೋರಿಸಿದರು.

ಕಂಡಕ್ಟರು ತನ್ನ ಗಡಿಯಾರ ತೋರಿಸಿದ. ಬಸ್ಸು ಸರಿಯಾದ ವೇಳೆಗೇ ಹೊರಟಿತ್ತು ಎಂದ. ಡ್ರೈವರನ ಗಡಿಯಾರವೂ ಅದನ್ನೇ ಹೇಳಿತು. ರಿಜಿಸ್ಟರಿನಲ್ಲೂ ಸರಿಯಾದ ವೇಳೆಯೇ ಇತ್ತು.

"ತೂಗ್ರಿ ಅಕ್ಕೋರ" ಎಂದರು ಸಾಹೇಬರು.

ನಾನು ಬೀಗಿಕೊಂಡು ಹೇಳಿದೆ. ಈ ಕಡೆ ಮೂರು ಸಾಕ್ಷಿ, ಆ ಕಡೆ ಒಂದು. ಹಿರಿಯರ ಗಡಿಯಾರ ಹಿಂದೆ ಬಿದ್ದಿದೆ. ಕಂಡಕ್ಟರು ನಕ್ಕ. ಹಿರಿಯರ ಮುಖ ಸಣ್ಣದಾಯಿತು. ಸಾಹೇಬರು ಪೆನ್ನು ಕೈಗೆತ್ತಿಕೊಂಡರು, ಆದರೆ ಬರೆಯಲಿಲ್ಲ.

"ತಮ್ಮಾ, ನಿನ್ನ ವಾಚಿನ ಟೈಮು ಎಲ್ಲಿ ನೋಡಿ ಮಾಡ್ಕೊಂಡಿ?"

"ಇಲ್ಲೇರಿ. ಡ್ಯೂಟಿ ಹತ್ತೂವಾಗ ದಿನಾ ಈ ಗಡಿಯಾರ ನೋಡೇ ಮಾಡ್ಕೋತೇವಲ್ಲರಿ."

ಡ್ರೈವರೂ ಅಲ್ಲೇ ಮಾಡಿಕೊಂಡಿದ್ದ. ಅದು ಅಲ್ಲಿನ ಪದ್ಧತಿ. ರಿಜಿಸ್ಟರನ್ನು ಬರೆದವರಂತೂ ಆ ಗಡಿಯಾರದ ಕೆಳಗೇ ಕೂತಿದ್ದ ಸಾಹೇಬರು.

"ಇವು ಮೂರು ಸಾಕ್ಷಿ ಅಲ್ರಿ ಅಕ್ಕೋರ" ಎಂದರು ಅವರು. "ಒಂದ ಸಾಕ್ಷಿ ಮೂರು ಸಲ ಮಾತಾಡೇತಿ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ಹಿರ್ಯಾರು ಸುಮ್ಮನ ಹೇಳಿಲ್ಲ."

ಹಾನಗಲ್ಲಿನ ನಿಲ್ದಾಣಕ್ಕೆ ಫೋನು ಮಾಡಿದರು. ಶಿಗ್ಗಾಂವಿಗೂ ಮಾಡಿದರು. ನಮ್ಮ ಗೋಡೆಯ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಅವರು ಎದ್ದು ನಿಂತರು. ಮೊಣಕಾಲು ನೋವಿನ ಮನುಷ್ಯ, ಮೇಜು ಹಿಡಿದು ಎದ್ದರು. "ತಪ್ಪು ನಂದ ಐತ್ರಿ ಯಜಮಾನ್ರ" ಎಂದು ಕೈ ಮುಗಿದರು. ಆಮೇಲೆ ಕೂತು ಅದನ್ನೇ ರಿಜಿಸ್ಟರಿನಲ್ಲಿ ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ಬರೆಯದಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಹಿರಿಯರ ಸಿಟ್ಟೆಲ್ಲ ಇಳಿದುಹೋಯಿತು. "ಹೋಗ್ಲಿ ಬಿಡ್ರಿ ಸಾಹೇಬ್ರ. ಅಜ್ಜ ತಡಾ ಮಾಡಿ ಬಂದಾ ಅಂತ ಕೂಸೇನ ಮಾರಿ ತಿರುವಲಿಲ್ಲ" ಎಂದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಒಬ್ಬ ಹಿರಿಯರನ್ನು ಎಲ್ಲರೆದುರು ಸುಳ್ಳರ ಸಾಲಿನಲ್ಲಿ ನಿಲ್ಲಿಸಿದ್ದೆನಲ್ಲ ಎಂದು ಅವಮಾನವಾಗಿತ್ತು. ಅವರೆಲ್ಲ ಹೋದ ಮೇಲೆ ಸಾಹೇಬರು ಡಬ್ಬಿ ತೆಗೆಯಲಿಲ್ಲ, ಬೈಯಲೂ ಇಲ್ಲ.

"ಎಲ್ಲಾ ಮಾತಿನ ಬುಡಕ್ಕ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು ಇರತೈತ್ರಿ. ಇವತ್ತು ಅದು ಈ ಗಡಿಯಾರ ಸರಿ ಐತಿ ಅನ್ನೂದು. ಮೊದಲ ಅದನ್ನ ಹುಡುಕ್ರಿ. ಆಮ್ಯಾಲ ಐದರಾಗ ಯಾವುದು ಅದನ್ನ ಮುಟ್ಟತೈತಿ ನೋಡ್ರಿ."

ಅಲ್ಲಿಂದ ನನ್ನ ಕಣ್ಣೇ ಬದಲಾಯಿತು. ಪ್ರತಿ ವಾದದ ಬುಡಕ್ಕೂ ಕೈ ಹಾಕಿ ಹುಡುಕತೊಡಗಿದೆ. ಪರೀಕ್ಷೆ ಹುಬ್ಬಳ್ಳಿಯಲ್ಲಿತ್ತು. ತರ್ಕದ ಭಾಗ ಬಂದಾಗ ಬೆವರಲಿಲ್ಲ. ಒಂದು ಪ್ರಶ್ನೆ ಇಂದಿಗೂ ನೆನಪಿದೆ. ಮೂವರು ವೈದ್ಯರು ಒಂದೇ ಔಷಧಿಯನ್ನು ಮೆಚ್ಚಿದ್ದಾರೆ, ಆದ್ದರಿಂದ ಅದು ಒಳ್ಳೆಯದು. ದುರ್ಬಲಗೊಳಿಸುವುದು ಯಾವುದು? "ಎಲ್ಲ ಔಷಧಿಗಳಿಗೂ ಅಡ್ಡ ಪರಿಣಾಮ ಇರುತ್ತದೆ" ಎಂಬುದು ಮೊದಲನೆಯ ಹೇಳಿಕೆ. ನಿಜ, ನೂರಕ್ಕೆ ನೂರು ನಿಜ. ಹಿಂದಿನ ನಾನಾಗಿದ್ದರೆ ಅದಕ್ಕೇ ಗುರುತು ಹಾಕಿ ಬರುತ್ತಿದ್ದೆ. ನಾಲ್ಕನೆಯದು, ಮೂವರೂ ಆ ಔಷಧಿಯ ಬಗ್ಗೆ ಒಬ್ಬನೇ ಮಾರಾಟಗಾರನಿಂದ ಕೇಳಿ ತಿಳಿದವರು ಎಂದಿತ್ತು. ಪರೀಕ್ಷಾ ಕೋಣೆಯಲ್ಲಿ ಜೋರಾಗಿ ನಗಬೇಕೆನ್ನಿಸಿತು. ತುಟಿ ಕಚ್ಚಿ ಗುರುತು ಹಾಕಿದೆ.

ಫಲಿತಾಂಶವನ್ನು ನಿಲ್ದಾಣದ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ನೋಡಿದೆ. ನನ್ನ ಸಂಖ್ಯೆ ಇತ್ತು. ಮತ್ತೆ ನೋಡಿದೆ. ಇತ್ತು. ಬ್ಯಾಗನ್ನು ಅಲ್ಲೇ ಬಿಟ್ಟು, ಅಚ್ಚು ಹಾಕಿಸಿದ ಹಾಳೆ ಹಿಡಿದುಕೊಂಡು ರಸ್ತೆ ದಾಟಿ ಓಡಿದೆ. ಸಾಹೇಬರು ನನ್ನ ಮುಖ ನೋಡಿಯೂ ನಂಬಲಿಲ್ಲ. ಹಾಲ್ ಟಿಕೆಟು ಕೇಳಿದರು. ಅದು ಬ್ಯಾಗಿನಲ್ಲಿತ್ತು, ಮತ್ತೆ ಓಡಿಹೋಗಿ ತಂದೆ. ಕನ್ನಡಕ ಏರಿಸಿ ಎರಡೂ ಸಂಖ್ಯೆಗಳನ್ನು ಬೆರಳಿಟ್ಟು ಒಂದೊಂದೇ ಅಂಕೆಯಾಗಿ ತಾಳೆ ನೋಡಿದರು. ಆಮೇಲೆ ಮೈಕು ಹಚ್ಚಿದರು. ಬಸ್ಸಿನ ಮಾತು ಬಿಟ್ಟು ಬೇರೆ ಯಾವುದನ್ನೂ ಅದರಲ್ಲಿ ಹೇಳುವಂತಿರಲಿಲ್ಲ.

"ಪ್ರಯಾಣಿಕರ ಗಮನಕ್ಕೆ. ಶಿಗ್ಗಾಂವಿ ಬಸ್ಸಿಗೆ ದಿನಾ ಹೋಗೋ ನಮ್ಮ ದುಂಡಸಿ ಅಕ್ಕೋರು ಬ್ಯಾಂಕಿನ ಪರೀಕ್ಷಾ ಪಾಸ್ ಆಗ್ಯಾರ. ಅವರ ಬಸ್ಸು ಎರಡನೇ ಪ್ಲಾಟ್‌ಫಾರ್ಮಿಗೆ ಬರತೈತಿ."

ಹೂವಿನ ಬುಟ್ಟಿಯ ಹೆಂಗಸು ಎದ್ದು ಬಂದು ಒಂದು ಮಾರು ಮಲ್ಲಿಗೆ ಮುಡಿಸಿದಳು. ಶಿಗ್ಗಾಂವಿ ಬಸ್ಸಿನ ಡ್ರೈವರು ನಿಲ್ದಾಣದೊಳಗೆ ಬರುತ್ತ ಉದ್ದಕ್ಕೂ ಹಾರ್ನು ಹೊಡೆದ. ಪರಿಚಯವಿಲ್ಲದ ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದ ನೌಕರಿಯಲ್ಲಿ ಎರಡು ಬಡ್ತಿ ಸಿಕ್ಕಿವೆ, ಸನ್ಮಾನವೂ ಆಗಿದೆ. ಅವತ್ತಿನ ಆ ಹಾರ್ನಿಗೆ ಯಾವುದೂ ಸಮವಲ್ಲ.

"ನೀವು ಕಲಿಸಿದ್ದಕ್ಕ ಪಾಸಾದೆ ರೀ ಸಾಹೇಬ್ರ" ಎಂದೆ. ಅವರು ಸುಮ್ಮನೆ ಒಪ್ಪಿಕೊಂಡರೆ ತಾನೆ?

"ಅದು ಬಲಾ ಇಲ್ಲದ ಮಾತು. ಮೂರನೇ ಸಲ ಬರದೀರಿ, ರೂಢಿ ಆಗಿರಬಹುದು. ಪೇಪರ್ ಸರಳ ಇದ್ದಿರಬಹುದು. ಒಬ್ಬರು ಪಾಸಾದ್ರ ಏನೂ ಸಿದ್ಧ ಆಗೂದಿಲ್ರಿ."

ಡಬ್ಬಿಯನ್ನೇ ಕೈಗಿಟ್ಟು ಕಳಿಸಿದರು. ಮುಂದೆ ನನಗೆ ದೂರದ ಊರುಗಳಿಗೆ ವರ್ಗವಾಯಿತು, ಅವರು ನಿವೃತ್ತರಾಗಿ ರಟ್ಟೀಹಳ್ಳಿಗೆ ಹೋದರು. ಕೆಲವು ವರ್ಷ ಫೋನು ಇತ್ತು. ಆಮೇಲೆ ಅದೂ ನಿಂತಿತು... ತಪ್ಪು ನನ್ನದೇ.

ಹಿರೇಕೆರೂರಿಗೆ ಬಂದ ಮೇಲೆ ಭಾನುವಾರಗಳಲ್ಲಿ ನಾಲ್ಕು ಹುಡುಗಿಯರಿಗೆ ತರ್ಕದ ಭಾಗವನ್ನು ಮಾತ್ರ ಕಲಿಸತೊಡಗಿದೆ, ಗಟ್ಟಿ, ಸಡ್ಲ, ಹೊರಗ ಎಂದು ಸಾಹೇಬರ ಮಾತಿನಲ್ಲೇ. ನಾಲ್ವರೂ ಕನ್ನಡ ಮಾಧ್ಯಮದವರು. ಈ ವರ್ಷದ ಪ್ರಶ್ನೆಪತ್ರಿಕೆ ಬಲು ಕಠಿಣವಾಗಿತ್ತೆಂದು ಎಲ್ಲರೂ ಗೋಳಾಡಿದರು. ನಾಲ್ವರೂ ತರ್ಕದ ಭಾಗವನ್ನು ದಾಟಿದರು. ಅವರಲ್ಲಿ ಮೂವರಿಗೆ ಅದು ಮೊದಲನೆಯ ಪರೀಕ್ಷೆ. ಅಂದರೆ ರೂಢಿಯ ಮಾತು ಬಿತ್ತು, ಸರಳ ಪೇಪರಿನ ಮಾತು ಬಿತ್ತು, ಒಬ್ಬರೇ ಎಂಬ ಮಾತೂ ಬಿತ್ತು. ಫಲಿತಾಂಶ ಬಂದ ಮರು ಭಾನುವಾರವೇ ರಟ್ಟೀಹಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಈ ಸಲ ಅವರ ಬಾಯಿ ಮುಚ್ಚಿಸುವುದು ಖಂಡಿತ.

ಬಾಗಿಲು ತೆಗೆದವರು ಸಾಹೇಬರ ಹೆಂಡತಿ. ಹೆಸರು ಹೇಳುವ ಮೊದಲೇ ಗುರುತು ಹಿಡಿದರು. "ದುಂಡಸಿ ಅಕ್ಕೋರಲ್ಲ? ಬರ್ರಿ ಒಳಗ, ಕುಂದರ್ರಿ. ಅವರು ಹೋಗಿ ಆರು ತಿಂಗಳಾತ್ರಿ."

ಒಳಗೆ ಹೋಗಿ ಕೂತೆ. ಆಮೇಲೆ ಜೋಡಿಸಿಕೊಂಡು ಹೋಗಿದ್ದನ್ನೆಲ್ಲ ಅವರಿಗೇ ಹೇಳಿದೆ. ರೂಢಿ, ಪೇಪರು, ನಾಲ್ವರು ಹುಡುಗಿಯರು, ಎಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೊನೆಯವರೆಗೂ ಕೇಳಿ, "ಅವರಿದ್ದಿದ್ರ ಇದಕ್ಕೂ ಏನರೆ ಕೊಂಕು ತಗೀತಿದ್ರು ನೋಡ್ರಿ" ಎಂದು ನಕ್ಕರು.

ಬಸ್ಸಿನಲ್ಲಿ ಹಿರೇಕೆರೂರಿಗೆ ವಾಪಸು ಬರುತ್ತ ಆ ಕೊಂಕನ್ನು ನಾನೇ ಹುಡುಕಿದೆ. ಅವರ ಪರವಾಗಿ, ಅವರು ಕಲಿಸಿದ ಹಾಗೆಯೇ, ಮೋಸ ಮಾಡದೆ ಹುಡುಕಿದೆ. ಸಿಗಲಿಲ್ಲ. ಅವರೊಡನೆ ನಡೆದ ಎಲ್ಲ ವಾದಗಳಲ್ಲಿ ನಾನು ಗೆದ್ದದ್ದು ಇದೊಂದನ್ನೇ. ಗೆದ್ದೆ ಎಂದು ಒಪ್ಪಿಕೊಳ್ಳಬೇಕಾದವರೇ ಇಲ್ಲ.